ಬೀದಿಯಲ್ಲಿ ಮಾತ್ರ ಕೇಳುವ ಯಂತ್ರ

ಅಜ್ಜಿ ಮೂರನೆಯ ಸಲವೂ ಅದೇ ದೂರು ಹೊತ್ತು ಕಿವಿಯಂತ್ರದ ಅಂಗಡಿಯ ಮೆಟ್ಟಿಲು ಹತ್ತಿ ಬಂದಳು. ತಪ್ಪು ಯಂತ್ರದ್ದಲ್ಲ, ತನ್ನದೇ ಎಂದು ಅಲ್ಲಿ ಯಂತ್ರ ಕೂರಿಸುವ ಕಿವಿ ಮೇಡಂ ಮೊದಲ ದಿನವೇ ತೀರ್ಮಾನಿಸಿಬಿಟ್ಟಿದ್ದಳು. ಎಲ್ಲಿ ತಪ್ಪಿದೆ ಎನ್ನುವುದಷ್ಟೇ ತಿಳಿದಿರಲಿಲ್ಲ.

"ಬೀದೀಲಿ ಚೆನ್ನಾಗಿ ಕೇಳುತ್ತೆ ಕಣಮ್ಮ," ಎಂದಳು ಅಜ್ಜಿ ಕುರ್ಚಿಯಲ್ಲಿ ಕೂತು ಉಸಿರು ಬಿಡುತ್ತಾ. "ಸೈಕಲ್ ಬೆಲ್ಲು, ನಾಯಿ, ಪಕ್ಕದ ಬೀದಿಯವಳ ಜಗಳ, ಎಲ್ಲಾ. ಹೊಸ್ತಿಲು ದಾಟಿ ಮನೆಯೊಳಗೆ ಕಾಲಿಟ್ಟೆ ಅಂದ್ರೆ ಸತ್ತುಹೋಗುತ್ತೆ."

"ಪೂರ್ತಿ ಸತ್ತುಹೋಗುತ್ತಾ ಅಜ್ಜಿ? ಒಂಚೂರೂ ಕೇಳಲ್ವಾ?"

"ಅಜ್ಜಿ ಅಂತೀಯಲ್ಲ, ನಿನ್ನ ತಲೆಯೇನು ಕಪ್ಪಗಿದ್ಯಾ?" ಅಜ್ಜಿ ನಕ್ಕು, ಆಮೇಲೆ ಯೋಚಿಸಿದಳು. "ನಲ್ಲಿ ನೀರು ಕೇಳುತ್ತೆ. ಫ್ಯಾನು ಕೇಳುತ್ತೆ. ಮನುಷ್ಯರು ಕೇಳಲ್ಲ."

"ಮನುಷ್ಯರು ಮಾತ್ರ ಕೇಳಲ್ವಾ?"

"ನಾನೂ ಕೇಳಲ್ಲ. ನನ್ನ ಸ್ವರಾನೇ ನನಗೆ ಕೇಳಲ್ಲ, ಮನೇಲಿ."

ಕಿವಿ ಮೇಡಂ ಯಂತ್ರವನ್ನು ಬಿಚ್ಚಿ, ಸೆಲ್ಲು ಬದಲಿಸಿ, ಕೊಳವೆಯ ತುದಿಯ ಗುಗ್ಗೆಯನ್ನು ಒರೆಸಿ, ಕಂಪ್ಯೂಟರಿಗೆ ಜೋಡಿಸಿದಳು. ಈ ಯಂತ್ರಗಳಿಗೆ ಗದ್ದಲವನ್ನು ಅಡಗಿಸುವ ಒಂದು ಗುಣವಿರುತ್ತದೆ. ಅದನ್ನು ಅತಿಯಾಗಿ ಏರಿಸಿದರೆ ಯಂತ್ರ ಮನುಷ್ಯರ ಮಾತನ್ನೂ ಗದ್ದಲವೆಂದೇ ತಿಳಿದು ಅಮುಕಿಬಿಡಬಹುದೇನೋ ಎಂದು ಅವಳಿಗೆ ಭಯ. ಹಗಲು ಕನ್ನಡಕದ ಅಂಗಡಿಯಲ್ಲಿ ನಿಂತು, ಸಂಜೆ ತರಗತಿಗಳಲ್ಲಿ ಕಲಿತ ವಿದ್ಯೆ ಅವಳದು. ಬಸ್ಸು ತಡವಾಗಿ ತಪ್ಪಿಹೋದ ಯಾವುದೋ ಒಂದು ಪಾಠದಲ್ಲೇ ಎಲ್ಲವೂ ಇತ್ತು ಎಂದು ಅವಳಿಗೆ ಇವತ್ತಿಗೂ ಅನ್ನಿಸುತ್ತಿತ್ತು. ಆ ಗುಣವನ್ನು ಹಿಂದಿನ ಸಲವೇ ಪೂರ್ತಿ ಇಳಿಸಿದ್ದಳು. ಈಗಲೂ ಅದು ಇಳಿದೇ ಇತ್ತು. ಯಂತ್ರ ಚಿನ್ನದಂತಿತ್ತು.

ಅಂಗಡಿಯ ಯಜಮಾನರು ಪರದೆ ಸರಿಸಿ ಇಣುಕಿದರು. "ಏನಂತೆ, ಮತ್ತೆ ಮನೆಯೊಳಗೆ ಸತ್ತಿತಂತಾ? ಜನರ ಕಿವಿ ಮೇಲೆ ಹೂ ಇಡೋ ಅಂಗಡಿ ನಮ್ಮದಲ್ಲ ಅಂತ ಹೇಳಿ ಅವರಿಗೆ. ಒಂದ್ಸಲ ಮನೆಗೇ ಹೋಗಿ ನೋಡ್ಕೊಂಡು ಬನ್ನಿ. ಹೆಂಗಿದ್ರೂ ಹೊಸ ಯಂತ್ರಕ್ಕೆ ಮೊಮ್ಮಗಳ ಕಿವಿ ಅಚ್ಚು ತೆಗೀಬೇಕಲ್ಲ, ಒಂದೇ ದಾರೀಲಿ ಎರಡು ಕೆಲಸ."

ಅಜ್ಜಿಯ ಮನೆಯಲ್ಲಿ ನಾಲ್ಕು ತುಂಬುತ್ತಿರುವ ಒಂದು ಹೆಣ್ಣುಮಗುವಿತ್ತು. ಒಂದು ಮಾತೂ ಆಡಿಲ್ಲ, ಬೀದಿಯಲ್ಲಿ ಯಾರು ಕರೆದರೂ ತಿರುಗುವುದಿಲ್ಲ. ಬಡಾವಣೆಯಲ್ಲಿ ನಡೆದ ಕಿವಿ ತಪಾಸಣೆಯ ಶಿಬಿರದಲ್ಲಿ ಯಾರೋ ಮಗುವಿನ ಬೆನ್ನ ಹಿಂದೆ ಗಂಟೆ ಆಡಿಸಿದರು. ಮಗು ಕದಲಲಿಲ್ಲ. ಎರಡೂ ಕಿವಿಗೆ ಅತಿ ಜೋರಿನ ಯಂತ್ರ ಹಾಕಿಸಿ ಎಂದು ಚೀಟಿ ಬರೆದುಕೊಟ್ಟರು. ಅಜ್ಜಿಯ ಹಾಗೆ ಮೊಮ್ಮಗಳಿಗೂ ಕಿವುಡು ಎಂದು ಮನೆಯವರೂ ನಂಬಿದರು. ದೊಡ್ಡ ಆಸ್ಪತ್ರೆಯಲ್ಲಿ ಮಗುವನ್ನು ಮಲಗಿಸಿ ಮಾಡುವ ಪರೀಕ್ಷೆಯೊಂದಿದೆ, ಅದು ಆಗಲಿ ಎಂದು ಕಿವಿ ಮೇಡಂ ಬೇಡಿಕೊಂಡಿದ್ದಳು. "ಅಲ್ಲಿ ಸರದಿ ಬರೋಷ್ಟರಲ್ಲಿ ಮಗು ಮದುವೆಗೆ ಬಂದಿರುತ್ತೆ ಮೇಡಂ, ನೀವು ಹಾಕಿ," ಎಂದಿದ್ದ ಮಗುವಿನ ಅಪ್ಪ.

ಹಾಕುವುದು ದೊಡ್ಡ ಮಾತಲ್ಲ. ಅಂಥ ಯಂತ್ರ ಕಿವಿಯೊಳಗೆ ಕೂತು ದಿನವಿಡೀ ಕಿರುಚುತ್ತದೆ. ಕೇಳದ ಕಿವಿಗೆ ಆ ಕಿರುಚಾಟ ಪಿಸುಮಾತಿನಷ್ಟು. ಕೇಳುವ ಕಿವಿಗೆ ಹಾಕಿದರೆ ಒಳಗಿನ ಸೂಕ್ಷ್ಮ ರೋಮಗಳು ಸುಟ್ಟ ಹುಲ್ಲಿನಂತೆ ಮಲಗಿಬಿಡುತ್ತವೆ, ಮತ್ತೆ ಏಳುವುದಿಲ್ಲ. ಆ ಮಗು ನಿಜಕ್ಕೂ ಕಿವುಡೇ ಎಂಬುದು ತನಗೆ ಗೊತ್ತಿಲ್ಲ ಎನ್ನುವುದೊಂದೇ ಅವಳಿಗೆ ಖಚಿತವಾಗಿ ಗೊತ್ತಿದ್ದದ್ದು.

ಮರುದಿನ ಮಧ್ಯಾಹ್ನ ಅವಳು ಪೆಟ್ಟಿಗೆ ಹಿಡಿದು ಹೊರಟಳು. ಅಜ್ಜಿಯ ಮಗ ಬೀದಿಯ ತಿರುವಿನಲ್ಲೇ ಕಾಯುತ್ತಿದ್ದ. ತರಕಾರಿ ಮಂಡಿಯಲ್ಲಿ ಹರಾಜು ಕೂಗುವುದು ಅವನ ಕಸುಬು. ದಪ್ಪ ಮೀಸೆ, ಮರಳು ಕಾಗದದಲ್ಲಿ ಉಜ್ಜಿದಂಥ ಗಡಸು ಗಂಟಲು.

"ಬನ್ನಿ ಬನ್ನಿ ಮೇಡಂ! ದಾರಿ ತಪ್ಪಿಲ್ಲ ತಾನೆ? ತಪ್ಪಿದ್ರೆ ಹೇಳಿ, ಇಲ್ಲಿಂದಲೇ ಕೂಗ್ತೀನಿ, ಊರೆಲ್ಲಾ ನಿಮಗೆ ದಾರಿ ತೋರಿಸುತ್ತೆ. ನಾನು ಕೂಗಿದ್ರೆ ಈರುಳ್ಳಿ ಕಣ್ಣಲ್ಲೇ ನೀರು ಬರುತ್ತೆ ಅಂತಾರೆ ಮಂಡೀಲಿ."

ಅವಳಿಗೆ ನಗು ಬಂತು. ಇಷ್ಟು ದೊಡ್ಡ ಗಂಟಲಿನವನ ಮಾತು ಆ ಯಂತ್ರದಲ್ಲಿ ಕೇಳುವುದಿಲ್ಲವೆಂದರೆ ತಪ್ಪು ತನ್ನದಲ್ಲದೆ ಇನ್ಯಾರದು? ಅವನು ದಾರಿಯುದ್ದಕ್ಕೂ ಮಾತಾಡುತ್ತಲೇ ಬಂದ. ಟೊಮೇಟೊ ಕೊಳೆತ ಕಥೆ, ತೂಕದ ಕಲ್ಲಿನ ಕಥೆ, ಬಾಡಿಗೆ ಗಾಡಿಯವನ ಕಥೆ. ಮನೆಯ ಬಾಗಿಲು ತೆಗೆದು, ಚಪ್ಪಲಿ ಕಳಚಿ, "ಒಳಗೆ ಬನ್ನಿ, ನಮ್ಮದು ಪುಟ್ಟ ಮನೆ, ಆದರೆ ಗಾಳಿ ಬೆಳಕಿಗೆ ಏನೂ" ಎನ್ನುತ್ತಾ ಹೊಸ್ತಿಲು ದಾಟಿದ.

ಸ್ವರ ಅಲ್ಲೇ ನಿಂತಿತು. ತುಟಿಗಳು ನಿಲ್ಲಲಿಲ್ಲ.

ವಾಕ್ಯದ ಉಳಿದ ಭಾಗ ಅವನ ಬಾಯಲ್ಲಿ ಹಾಗೆಯೇ ಮುಂದುವರಿಯುತ್ತಿತ್ತು. ಮೀಸೆ ಆಡುತ್ತಿತ್ತು, ಹುಬ್ಬು ಏರಿಳಿಯುತ್ತಿತ್ತು, ಕೈ ಕುರ್ಚಿಯತ್ತ ತೋರಿಸುತ್ತಿತ್ತು. ಶಬ್ದ ಮಾತ್ರ ಇರಲಿಲ್ಲ. ತನ್ನ ಕಿವಿಯೇ ಕಟ್ಟಿತೆಂದುಕೊಂಡು ಅವಳು ಎಂಜಲು ನುಂಗಿದಳು, ಮೂಗು ಹಿಡಿದು ಗಾಳಿ ಒತ್ತಿದಳು. ಕೈಯಲ್ಲಿದ್ದ ಪೆನ್ನಿನ ತುದಿ ಅಮುಕಿದಳು. ಟಿಕ್. ಕೇಳಿತು. ಮೇಲೆ ಫ್ಯಾನು ತಿರುಗುವುದು ಕೇಳಿತು. ಒಳಗೆಲ್ಲೋ ನಲ್ಲಿ ತೊಟ್ಟಿಕ್ಕುವುದು ಕೇಳಿತು.

ಕುರ್ಚಿಯ ಕಾಲುಗಳಿಗೆ ಹಳೆಯ ಕಾಲುಚೀಲ ಸುತ್ತಿತ್ತು. ಬಾಗಿಲಿನ ಅಂಚಿಗೆ ಕಂಬಳಿಯ ಪಟ್ಟಿ ಹೊಡೆದಿತ್ತು. ಗೂಡಿನಲ್ಲಿ ಜೋಡಿಸಿದ ತಟ್ಟೆಗಳ ನಡುವೆ ಒಂದೊಂದು ಬಟ್ಟೆಯ ತುಂಡು. ಕಿಟಕಿಯ ಕೆಳಗೆ ಮಗು ಕೂತು ಮರದ ತುಂಡುಗಳನ್ನು ಪೇರಿಸುತ್ತಿತ್ತು. ಆ ತುಂಡುಗಳಿಗೂ ಯಾರೋ ಮೆತ್ತನೆಯ ಬಟ್ಟೆಯ ಚೀಲ ಹೊಲಿದಿದ್ದರು.

ಅಡುಗೆಮನೆಯಿಂದ ಸೊಸೆ ಬಂದು ಗಂಡನಿಗೆ ಏನೋ ಹೇಳಿದಳು. ಅವನು ಏನೋ ಅಂದ. ಇಬ್ಬರೂ ನಕ್ಕರು. ಭುಜಗಳು ಕುಣಿದವು, ಹಲ್ಲು ಕಂಡಿತು, ಸೊಸೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಗಾಜಿನಾಚೆ ನಿಂತು ನೋಡಿದ ಹಾಗಿತ್ತು.

ಅಜ್ಜಿ ಅವಳ ಎದುರು ಬಂದು ಕೂತು ತುಟಿಯಾಡಿಸಿದಳು. "ನೋಡಿದ್ಯಾ? ಸತ್ತುಹೋಯ್ತು."

ಆ ಮಾತು ಅವಳಿಗೆ ಅರ್ಥವಾಯಿತು. ತುಟಿ ಓದುವುದು ಅವಳ ಕಸುಬಿನ ಭಾಗವೇ. ಸಂಜೆ ತರಗತಿಯ ದಿನಗಳಲ್ಲಿ ಕನ್ನಡಿಯ ಮುಂದೆ ನಿಂತು ಕಲಿತದ್ದು. ಅವಳು ಯಂತ್ರವನ್ನು ಅಜ್ಜಿಯ ಕಿವಿಯಿಂದ ಬಿಚ್ಚಿ, ವೈದ್ಯರ ಸ್ಟೆತಾಸ್ಕೋಪಿನಂತಿರುವ ತನ್ನ ಕೇಳುಕೊಳವೆಗೆ ಸಿಕ್ಕಿಸಿ, ತಾನೇ ಕಿವಿಗಿಟ್ಟುಕೊಂಡಳು. ಯಂತ್ರ ಏನನ್ನು ಕೇಳುತ್ತದೋ ಅದನ್ನೇ ಈಗ ಅವಳೂ ಕೇಳಬೇಕು.

ಫ್ಯಾನು ಬಿರುಗಾಳಿಯಂತೆ ಬೀಸಿತು. ನಲ್ಲಿಯ ಹನಿ ಕಲ್ಲು ಬಿದ್ದಂತೆ ಬಿತ್ತು. ಅವೆರಡರ ನಡುವೆ ಇನ್ನೊಂದಿತ್ತು. ಒದ್ದೆ ಒದ್ದೆಯಾದ, ಸಣ್ಣಗೆ ಚಿಟಗುಟ್ಟುವ, ಎಲ್ಲ ಕಡೆಯಿಂದಲೂ ಬರುವ ಒಂದು ಸದ್ದು. ನಾಲಿಗೆಗಳು ಅಂಗುಳಿಗೆ ತಾಗಿ ಬಿಡುವುದು, ತುಟಿಗಳು ಅಂಟಿ ಕಳಚುವುದು, ಉಸಿರು ಹಲ್ಲಿನ ಸಂದಿಯಿಂದ ಜಾರುವುದು. ಮಾತಿನ ಮೈಯೆಲ್ಲ ಇತ್ತು, ಜೀವವೊಂದಿರಲಿಲ್ಲ. ಅವಳು ಕೊಳವೆಯನ್ನು ಕಿತ್ತು ಮಡಿಲಿಗೆ ಹಾಕಿಕೊಂಡಳು.

ಅಜ್ಜಿ ಅತಿಥಿಗೆ ನೀರು ತರಲು ಒಳಗೆ ಹೋದಳು. ಹರಾಜಿನವನು ಕುರ್ಚಿಯನ್ನು ಹತ್ತಿರ ಎಳೆದುಕೊಂಡು ಅವಳ ಮುಖಕ್ಕೆ ಮುಖ ಕೊಟ್ಟು ಕೂತ.

"ನಿಮಗೆ ತುಟಿ ಓದೋಕೆ ಬರುತ್ತೆ ಅಂತ ಗೊತ್ತು ಮೇಡಂ, ಅದಕ್ಕೇ ಧೈರ್ಯ ಮಾಡಿ ಕರೆದೆ," ಎಂದವು ಅವನ ತುಟಿಗಳು. "ನನಗಾಗ ಒಂಬತ್ತು ವರ್ಷ. ಜ್ವರ ಬಂದು ಅಮ್ಮನ ಕಿವಿ ಹೋಯ್ತು. ನಾನೂ ಅಪ್ಪನೂ ಬಾಯಿ ತೆಗೆದ್ರೆ ಸಾಕು, ನನ್ನ ಬೆನ್ನ ಹಿಂದೆ ಏನಾಡ್ಕೋತಿದೀರಿ ಅಂತ ಸಿಕ್ಕಿದ್ದು ಎಸೆಯೋಳು. ತಲೆ ಗೋಡೆಗೆ ಚಚ್ಚಿಕೊಳ್ಳೋಳು. ಒಂದಿನ ಅಪ್ಪ ನನ್ನ ಎದುರಿಗೆ ಕೂರಿಸಿಕೊಂಡು ಹೇಳಿದ್ರು. ಅವಳಿಗೆ ಕೇಳಿಸದ ಮಾತು ಈ ಮನೇಲಿ ಯಾರಿಗೂ ಕೇಳಿಸಬಾರದು ಕಣೋ. ಅವತ್ತೇ ಕೊನೆ."

"ಅಮ್ಮನಿಗೆ ಗೊತ್ತಾ?"

"ಗೊತ್ತಾಗೋದು ಹೇಗೆ? ನಾವು ಮಾತಾಡ್ತಾನೇ ಇದೀವಿ ಅಂದ್ಕೊಂಡಿದಾಳೆ. ಅವಳ ದನಿ ಜೋರಾಯ್ತು, ಅಕ್ಕಪಕ್ಕದವರು ಆಡ್ಕೋತಾರೆ ಅಂತ ಅಪ್ಪ ಸನ್ನೆ ಮಾಡಿ ಮಾಡಿ, ಅವಳೂ ಇಳಿಸಿ ಇಳಿಸಿ, ಮನೇಲಿ ಅವಳದೂ ನಿಂತುಹೋಯ್ತು. ಬೀದೀಲಿ, ಅಂಗಡೀಲಿ ಮಾತ್ರ ಆಡ್ತಾಳೆ. ಆಮೇಲೆ ಅಪ್ಪ ತೀರಿಕೊಂಡ್ರು. ಅವರಾಡಿದ ಮಾತು ಮಾತ್ರ ಹಾಗೇ ಉಳೀತು."

"ಈಗ ಯಂತ್ರ ಬಂತಲ್ಲ. ಈಗಾದರೂ ದನಿ ತೆಗೆದು ಮಾತಾಡಿ!"

ಅವನ ಮುಖ ಸಣ್ಣದಾಯಿತು. "ಬರಲ್ಲ ಮೇಡಂ. ಬಚ್ಚಲಲ್ಲಿ ನಿಂತು ನೋಡಿದೆ, ಹಿತ್ತಲ ಬಾಗಿಲಲ್ಲಿ ನಿಂತು ನೋಡಿದೆ. ಹೊರಗೆ ಕಾಲಿಟ್ರೆ ಬರುತ್ತೆ, ಒಳಗೆ ಬರಲ್ಲ. ಕೇಳಿ ಇವಳನ್ನ."

ಸೊಸೆ ತಲೆಯಾಡಿಸಿದಳು. "ಮದುವೆಯಾದ ಹೊಸದರಲ್ಲಿ ಹೆದರಿ ತವರಿಗೆ ಓಡಿಹೋಗೋಣ ಅನ್ನಿಸ್ತಿತ್ತು. ಈಗ ತವರಿಗೆ ಹೋದ್ರೆ ಅವರ ಗಲಾಟೆಗೆ ತಲೆ ಸಿಡಿಯುತ್ತೆ. ಎಷ್ಟು ಹೊತ್ತಿಗೆ ಮನೆ ಸೇರ್ತೀನೋ ಅನ್ಸುತ್ತೆ."

"ನಾನು ಹೇಳೋದು ಕೇಳಿ," ಎಂದಳು ಕಿವಿ ಮೇಡಂ. "ಇದು ಬರೀ ಅಭ್ಯಾಸ. ಗಂಟಲಿಗೆ ಏನೂ ಆಗಿಲ್ಲ."

ಹರಾಜಿನವನು ಅವಳನ್ನು ಮರುಕದಿಂದ ನೋಡಿದ. "ನೀವೂ ಒಳಗೆ ಬಂದಾಗಿನಿಂದ ಹಾಗೇ ಆಡ್ತಿದೀರಿ ಮೇಡಂ."

ನಾನಾ? ಎಂದಳು. ತುಟಿಗಳು ಸರಿಯಾಗಿ ತೆರೆದವು, ನಾಲಿಗೆ ತನ್ನ ಜಾಗಕ್ಕೆ ಹೋಗಿ ಬಂತು. ಶಬ್ದ ಬರಲಿಲ್ಲ. ಗಂಟಲಿಗೆ ಬೆರಳಿಟ್ಟುಕೊಂಡು ಮತ್ತೊಮ್ಮೆ ಹೇಳಿದಳು. ಬೆರಳಿನ ಕೆಳಗೆ ಏನೂ ಅದುರಲಿಲ್ಲ. ಒಂದು ಕ್ಷಣ ಅವಳಿಗೆ ಬಾಗಿಲ ಕಡೆ ಓಡಬೇಕೆನಿಸಿತು. ಪೆಟ್ಟಿಗೆಗೂ ಕೈ ಹಾಕಿದಳು. ಆಗ ಮಗು ಕಣ್ಣಿಗೆ ಬಿತ್ತು.

ಮಗು ಆಟ ಬಿಟ್ಟು ಇವರ ಬಾಯಿಗಳನ್ನೇ ನೋಡುತ್ತಿತ್ತು. ಯಾರ ತುಟಿ ಆಡಿದರೆ ಅವರತ್ತ ಕಣ್ಣು ಹಾರುತ್ತಿತ್ತು. ಈಗ ಅದು ತನ್ನ ಪುಟ್ಟ ತುಟಿಗಳನ್ನು ಆಡಿಸಿತು, ತಡವರಿಸದೆ, ದೊಡ್ಡವರಷ್ಟೇ ಸಲೀಸಾಗಿ. "ಅಮ್ಮಾ, ಇವರ್ಯಾರು? ಪೆಟ್ಟಿಗೇಲಿ ಏನಿದೆ? ನಂಗೂ ಕೊಡ್ತಾರಾ?"

ದನಿ ಬಂದಿಲ್ಲವೆಂದು ಇವರು ಅಳುತ್ತಿದ್ದ ಮಗುವಿಗೆ ಮಾತೆಲ್ಲ ಬಂದಿತ್ತು. ಈ ಮನೆಯವರ ಮಾತು.

ಆದರೂ ಕಿವಿ ಮೇಡಂನ ಅನುಮಾನ ಹರಿಯಲಿಲ್ಲ. ಕಿವುಡು ಮಗುವೂ ಹೀಗೆ ತುಟಿಯಿಂದಲೇ ಕಲಿತಿರಬಹುದು. ಅವಳು ಎದ್ದು ಮಗುವಿನ ಹಿಂದೆ ಹೋಗಿ ಚಪ್ಪಾಳೆ ತಟ್ಟಿದಳು. ಮಗು ತಿರುಗಲಿಲ್ಲ. ಪೆಟ್ಟಿಗೆಯಲ್ಲಿದ್ದ ಅಳತೆ ಚಮಚದಿಂದ ಅದರ ಮುಚ್ಚಳವನ್ನು ಬಡಿದಳು. ಗಂಡ ಹೆಂಡತಿ ಇಬ್ಬರೂ ಬೆಚ್ಚಿ ಕಿವಿ ಮುಚ್ಚಿಕೊಂಡರು, ಮಗು ಮಾತ್ರ ಬಟ್ಟೆ ಸುತ್ತಿದ ತುಂಡಿನ ಮೇಲೆ ಇನ್ನೊಂದನ್ನಿಟ್ಟಿತು. ಕಿವುಡಿರಬೇಕು. ಅಥವಾ ಶಬ್ದ ಎನ್ನುವುದು ಈ ಮಗುವಿಗೆ ಗೋಡೆಯ ಮೇಲಿನ ಬಿಸಿಲಿನ ಹಾಗೆ, ಯಾರೂ ಅದರಿಂದ ಏನನ್ನೂ ಹೇಳುವುದಿಲ್ಲ, ತಿರುಗಿ ನೋಡಬೇಕಾದ ಅಗತ್ಯವಿಲ್ಲ. ಯಾವುದು ನಿಜ? ಬೀದಿಯ ಕೂಗೂ ಅದಕ್ಕೆ ಅಂಥದೇ ಗದ್ದಲವಿದ್ದೀತು, ಇಲ್ಲಿ ಮನೆಯೊಳಗೆ ಹಿಂದಿನಿಂದ ಒಮ್ಮೆ ಬಾಯ್ತುಂಬ ಕೂಗಿ ನೋಡಿದರೆ ತಿಳಿಯುತ್ತಿತ್ತು. ಅದೊಂದೇ ಈ ಮನೆಯಲ್ಲಿ ಸಾಧ್ಯವಿರಲಿಲ್ಲ.

"ಗಂಟೆಗೂ ತಿರುಗಲಿಲ್ಲ, ಇದಕ್ಕೂ ತಿರುಗಲಿಲ್ಲ," ಎಂದ ಹರಾಜಿನವನು, ಕಣ್ಣು ಒದ್ದೆಯಾಗಿತ್ತು. "ಇನ್ನೂ ಏನು ನೋಡ್ತೀರಿ ಮೇಡಂ? ಕೈಮುಗಿದು ಕೇಳ್ತೀನಿ, ಅಚ್ಚು ತೆಗೀರಿ. ನಮ್ಮಮ್ಮನ ಹಾಗೆ ಇವಳೂ ಆಗಬಾರದು."

ಅವಳ ಬಳಿ ವಾದವಿತ್ತು, ಧೈರ್ಯವಿರಲಿಲ್ಲ. ಚೀಟಿ ಬರೆದವರು ಓದಿದವರು, ಯಜಮಾನರು ಹೇಳಿದ್ದಾರೆ, ತಂದೆ ಬೇಡುತ್ತಿದ್ದಾನೆ. ನೀನ್ಯಾರು ಅಡ್ಡಬರಲು? ಮಗುವಿನ ಪಕ್ಕ ಮಂಡಿಯೂರಿ, ದಾರ ಕಟ್ಟಿದ ಹತ್ತಿಯ ಉಂಡೆಯನ್ನು ಅದರ ಕಿವಿಯ ಒಳಕ್ಕೆ ಮೆಲ್ಲಗೆ ಕೂರಿಸಿದಳು. ಆಮೇಲೆ ಅಚ್ಚು ತೆಗೆಯುವ ಎರಡು ಬಣ್ಣದ ಮುದ್ದೆಗಳನ್ನು ಅಂಗೈಯಲ್ಲಿ ಕಲಸತೊಡಗಿದಳು. ಕಲಸಿದ ಮೇಲೆ ತಡಮಾಡುವಂತಿಲ್ಲ. ಮೆತ್ತಗಿರುವಾಗಲೇ ಕಿವಿಗೆ ತುಂಬಬೇಕು, ಇಲ್ಲದಿದ್ದರೆ ರಬ್ಬರಿನಂತೆ ಗಟ್ಟಿಯಾಗಿಬಿಡುತ್ತದೆ.

ಯಾರೋ ಭುಜ ತಟ್ಟಿದರು. ಅಜ್ಜಿ, ಒಂದು ಕೈಯಲ್ಲಿ ನೀರಿನ ಲೋಟ. "ಮೊದಲು ನಂದು ಹಾಕು ತಾಯಿ," ಎಂದವು ತುಟಿಗಳು. "ಬರೀ ಕಿವೀಲಿ ಹೆಂಗೋ ಆಗುತ್ತೆ. ಸತ್ತಿದ್ರೂ ಪರವಾಗಿಲ್ಲ, ಇರಲಿ."

ಮುದ್ದೆ ಹಿಡಿದ ಕೈಯನ್ನು ಎತ್ತಿಹಿಡಿದು, ಇನ್ನೊಂದು ಕೈಯಿಂದಲೇ ಅವಳು ಯಂತ್ರವನ್ನು ಅಜ್ಜಿಯ ಕಿವಿಗೆ ಸಿಕ್ಕಿಸಿದಳು. ಒಂಟಿ ಕೈಯ ಕೆಲಸ, ಸರಿಯಾಗಿ ಕೂರಲಿಲ್ಲ. ಒತ್ತಿ ಕೂರಿಸಲು ಅಂಗೈಯನ್ನು ಕಿವಿಯ ಮೇಲೆ ಮುಚ್ಚಿದಳು. ಸಡಿಲವಾಗಿ ಕೂತ ಯಂತ್ರದ ಮೇಲೆ ಕೈ ಮುಚ್ಚಿದರೆ ಹೊರಬಿದ್ದ ಶಬ್ದ ಮತ್ತೆ ಒಳಹೊಕ್ಕು, ಸುತ್ತಿ ಸುತ್ತಿ ಸೀಟಿ ಹೊಡೆಯುತ್ತದೆ. ಅಂಗಡಿಯಲ್ಲಿ ದಿನಕ್ಕೆಷ್ಟೋ ಸಲ ಆಗುವುದೇ.

ಕೂಯ್ ಎಂದಿತು ಯಂತ್ರ.

ಮಗುವಿನ ತಲೆ ಸರ್ರನೆ ತಿರುಗಿತು.

ಚಪ್ಪಾಳೆ ವಸ್ತುವಿನದು, ಗಂಟೆ ವಸ್ತುವಿನದು. ಇದು ಅಜ್ಜಿಯ ಮುಖದಿಂದ ಬಂದಿತ್ತು. ಮನುಷ್ಯರೊಬ್ಬರಿಂದ ಶಬ್ದ ಹೊರಟದ್ದನ್ನು ಈ ಮನೆಯಲ್ಲಿ ಆ ಮಗು ಮೊದಲ ಸಲ ಕಂಡಿತ್ತು. ಒಂದು ಕಿವಿಯಲ್ಲಿ ಹತ್ತಿ ತುಂಬಿಕೊಂಡೇ ಅದು ಎದ್ದು ನಿಂತು, ಅಜ್ಜಿಯ ಕೆನ್ನೆ ದಿಟ್ಟಿಸಿ, ಬಾಯಿ ತೆರೆಯಿತು. ಗಂಟಲಲ್ಲಿ ಏನೋ ಹುಡುಕಿದಂತೆ ಕತ್ತು ಮುಂದೆ ಮಾಡಿತು.

"ಕೂಯ್," ಎಂದಿತು ಮಗು. ಅದೇ ಎತ್ತರ, ಅದೇ ತೆಳುವು. ಯಂತ್ರ ಯಾವುದು, ಮಗು ಯಾವುದು ಎಂದು ಹೇಳಲಾಗದಂತಿತ್ತು. ಸೊಸೆ ಧಾವಿಸಿ ಬಂದು ಮಗುವಿನ ಬಾಯನ್ನು ಅಂಗೈಯಿಂದ ಮುಚ್ಚಿದಳು. ಬೆರಳುಗಳ ಸಂದಿಯಿಂದ ಅದು ಇನ್ನೂ ಬರುತ್ತಲೇ ಇತ್ತು.

ಕಿವಿ ಮೇಡಂ ದಾರ ಹಿಡಿದು ಹತ್ತಿಯನ್ನು ಹೊರಗೆಳೆದಳು. ಅಂಗೈಯ ಮುದ್ದೆ ಗಟ್ಟಿಯಾಗಿ ಅವಳ ಮುಷ್ಟಿಯ ಅಚ್ಚೇ ಆಗಿತ್ತು. ಅದನ್ನು ಪೆಟ್ಟಿಗೆಗೆ ಎಸೆದು, ಹರಾಜಿನವನ ಕಣ್ಣಲ್ಲಿ ಕಣ್ಣಿಟ್ಟು, ಒಂದೊಂದೇ ಮಾತನ್ನು ತುಟಿಯಲ್ಲಿ ಬಿಡಿಸಿ ಹೇಳಿದಳು. "ಕೇಳುತ್ತೆ. ಮಗುವಿಗೆ ಕೇಳುತ್ತೆ. ಈ ಕಿವಿಗೆ ನಾನು ಏನೂ ಹಾಕೋದಿಲ್ಲ. ಬೇರೆ ಯಾರಾದರೂ ಹಾಕೋಕೆ ಬಂದರೂ ಬಿಡೋದಿಲ್ಲ." ಜೀವಮಾನದಲ್ಲಿ ಅವಳು ಇಷ್ಟು ಖಚಿತವಾಗಿ ಮಾತಾಡಿರಲಿಲ್ಲ.

ಅವನು ಅವಳನ್ನು ನೋಡಲಿಲ್ಲ. ತಾಯಿಯನ್ನು ನೋಡುತ್ತಿದ್ದ.

ಅಜ್ಜಿಯ ಕೈಯ ಲೋಟ ಓರೆಯಾಗಿ ನೀರು ನೆಲಕ್ಕೆ ಸುರಿಯುತ್ತಿತ್ತು. ಆ ಸದ್ದನ್ನು ಅವಳು ತಲೆ ಬಗ್ಗಿಸಿ ಕೇಳಿಸಿಕೊಂಡಳು. ಮೊಮ್ಮಗಳ ಕೂಗನ್ನು ಕೇಳಿಸಿಕೊಂಡಳು. ಆಮೇಲೆ ಮಗನ ಬಾಯಿ, ಸೊಸೆಯ ಬಾಯಿ, ಕುರ್ಚಿಯ ಕಾಲುಚೀಲ, ಬಾಗಿಲಿನ ಕಂಬಳಿ ಒಂದೊಂದನ್ನೇ ನೋಡಿದಳು. ಇಪ್ಪತ್ತೈದು ವರ್ಷ ಗುಡಿಸಿ ಒರೆಸಿದ ಮನೆಯನ್ನು ಇವತ್ತೇ ಕಂಡವಳ ಹಾಗೆ.

"ಮಿಷನ್ ಸರಿಯಾಗೇ ಇದೆ," ಎಂದವು ಅವಳ ತುಟಿಗಳು. "ನೀವು ಮಾತಾಡ್ತಿಲ್ಲ."

ಮಗನ ತುಟಿಗಳು ಗಡಿಬಿಡಿಯಿಂದ ಆಡತೊಡಗಿದವು. ಅಮ್ಮಾ ನಿನಗೋಸ್ಕರ, ಅಪ್ಪ ಹೇಳಿದ್ರು, ನಿನ್ನ ಬಿಟ್ಟು ನಾವು ಒಂದು ಮಾತೂ. ಅಜ್ಜಿ ಕೈಯೆತ್ತಿ ತಡೆದಳು. ಲೋಟವನ್ನು ಕೆಳಗಿಟ್ಟಳು. ಕುರ್ಚಿಯಲ್ಲಿ ನೆಟ್ಟಗೆ ಕೂತು ಎರಡೂ ಕಣ್ಣು ಮುಚ್ಚಿಕೊಂಡಳು.

ಈಗ ಅವಳಿಗೆ ಏನಾದರೂ ಹೇಳಬೇಕೆಂದರೆ ಒಂದೇ ದಾರಿಯಿತ್ತು.

ಸೊಸೆಯೂ ಮಗನೂ ಆ ಮುಚ್ಚಿದ ರೆಪ್ಪೆಗಳ ಮುಂದೆ ಬಾಗಿ ಏನೇನೋ ಹೇಳಿದರು, ಬೇಡಿದರು, ಇಬ್ಬರೂ ಒಟ್ಟಿಗೇ. ತುಟಿಗಳು ಒಣಗಿ ಬಿರಿಯುವಷ್ಟು ಹೇಳಿದರು. ಫ್ಯಾನು ತಿರುಗುತ್ತಿತ್ತು. ಅಜ್ಜಿ ಕಣ್ಣು ತೆರೆಯಲಿಲ್ಲ.

ಹರಾಜಿನವನು ತಾಯಿಯ ಎದುರು ನೇರವಾಗಿ ನಿಂತ. ಮಂಡಿಯಲ್ಲಿ ಕೂಗುವ ಮುಂಚೆ ನಿಲ್ಲುವ ಹಾಗೆ ಕಾಲಗಲಿಸಿ, ಎದೆ ತುಂಬ ಗಾಳಿ ಎಳೆದುಕೊಂಡ. ಕತ್ತಿನ ನರ ಉಬ್ಬಿತು, ಮುಖ ಕೆಂಪಾಯಿತು, ಗಂಟಲ ಗಂಟು ಮೇಲೆ ಹೋಗಿ ಅಲ್ಲೇ ನಿಂತಿತು. ತುಂಬ ಹೊತ್ತು ಏನೂ ಆಗಲಿಲ್ಲ. ಆಮೇಲೆ ಬಂತು.

"ಅಮ್ಮಾ."

ಬೀದಿಯಲ್ಲಿ ಕೇಳಿದ್ದ ಗಡಸು ದನಿ ಅದಲ್ಲ. ತೆಳ್ಳಗೆ, ಎಳೆಯದಾಗಿ, ಸ್ವಲ್ಪ ಹೆದರಿದಂತೆ, ಇನ್ನೂ ಒಡೆಯದ ಗಂಟಲಿನ ಒಂಬತ್ತು ವರ್ಷದ ಹುಡುಗನ ದನಿ. ದಪ್ಪ ಮೀಸೆಯ ಕೆಳಗಿನಿಂದ ಅದು ಹೊರಟು ಕೋಣೆಯ ತುಂಬ ನಿಂತಿತು. ಸೊಸೆ ಗಂಡನಿಂದ ಒಂದು ಹೆಜ್ಜೆ ಹಿಂದೆ ಸರಿದಳು. ಅವನು ತನ್ನ ಬಾಯನ್ನು ತಾನೇ ಮುಟ್ಟಿ ನೋಡಿಕೊಂಡ.

ಅಜ್ಜಿಯ ಮುಖ ಅರಳಿತು. ಕಣ್ಣು ಮುಚ್ಚಿದಂತೆಯೇ ಕೈ ಮುಂದೆ ಚಾಚಿದಳು. ಮಗನ ಮುಖದೆತ್ತರಕ್ಕಲ್ಲ. ಕೆಳಗೆ, ಕೂತ ತನ್ನ ಮುಖದ ಮಟ್ಟದಲ್ಲಿ, ಒಬ್ಬ ಹುಡುಗನ ತಲೆ ಇರಬೇಕಾದ ಜಾಗದಲ್ಲಿ ಆ ಕೈ ಗಾಳಿಯನ್ನು ಸವರಿತು.

ಸೊಸೆಯ ಹಿಡಿತ ಸಡಿಲವಾದ ಕೂಡಲೇ ಮಗು ಜಾರಿಕೊಂಡು ಅಪ್ಪನ ಹತ್ತಿರ ಓಡಿತು. ಅವನ ಬಾಯನ್ನು ಅದು ನೋಡಲಿಲ್ಲ. ಅವನನ್ನು ಸುತ್ತು ಹಾಕಿ, ಬೆನ್ನ ಹಿಂದೆ ಇಣುಕಿ, ಕಾಲುಗಳ ನಡುವೆ ಬಗ್ಗಿ, ಆಮೇಲೆ ಕುರ್ಚಿಯ ಕೆಳಗೆ ಕೈ ಹಾಕಿ, ಈಗ ಮಾತಾಡಿದ ಆ ಹುಡುಗ ಎಲ್ಲಿ ಅಡಗಿದ್ದಾನೆಂದು ಹುಡುಕತೊಡಗಿತು.